ಮೂರನೆಯ ಬಾಟಲಿಯ ನೀರು

ಹೋದ ತಿಂಗಳು ಒಂದು ಬಾಟಲಿ ನೀರಿನ ಮುಂದೆ ನಿಂತು ನನ್ನ ಮಗಳಿಗೆ ಸುಳ್ಳು ಬರೆಯಲು ಹೇಳಿದೆ. ವಾರವಾರವೂ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವ ಇದೇ ನಾನು.

ತಡೆಯಿರಿ, ಮೊದಲಿನಿಂದ ಹೇಳುತ್ತೇನೆ.

ಪ್ರೇಕ್ಷಾ ಆರನೇ ಕ್ಲಾಸು. ಪರ್ಕಳದ ನಮ್ಮ ಫ್ಲ್ಯಾಟಿನಿಂದ ಅವಳ ಶಾಲೆಗೆ ಬಸ್ಸಿನಲ್ಲಿ ಹತ್ತು ನಿಮಿಷ. (ಶಾಲೆಯ ಹೆಸರು ಬೇಡ. ಅವಳು ಇನ್ನೂ ನಾಲ್ಕು ವರ್ಷ ಅಲ್ಲೇ ಓದಬೇಕು.) ವಾಟ್ಸಾಪ್ ಗ್ರೂಪಿನಲ್ಲಿ ಸರ್ಕ್ಯುಲರ್ ಬಂತು: ಭೂಮಿ ಮತ್ತು ಪರಿಸರ ಸಪ್ತಾಹ. ಎಲ್ಲವೂ ಹ್ಯಾಂಡ್ಸ್-ಆನ್. ಮಕ್ಕಳು ತಮ್ಮ ಕೈಯಿಂದಲೇ ಮಾಡಬೇಕು, ಹೆತ್ತವರು ಕೈಹಾಕಬಾರದು.

ಓದಿದ ಐದು ನಿಮಿಷಕ್ಕೆ ಹೆತ್ತವರೆಲ್ಲ ಕೈಹಾಕಿದರು. ಉಡುಪಿಯಲ್ಲಿ ಥರ್ಮಾಕೋಲ್ ಎಲ್ಲಿ ಸಿಗುತ್ತದೆ? ಕಾಪುವಿನ ಅಂಗಡಿಯಲ್ಲಿ ರೆಡಿಮೇಡ್ ಜ್ವಾಲಾಮುಖಿ ಉಂಟಂತೆ, ಹೌದಾ? ಒಬ್ಬ ತಂದೆ ಆಫೀಸಿಗೆ ರಜೆ ಹಾಕಿ ಸೌರಮಂಡಲಕ್ಕೆ ಬಣ್ಣ ಬಳಿದರು. ಅವರ ಮಗಳು ಸೋಫಾದ ಮೇಲೆ ಮೊಬೈಲ್ ನೋಡುತ್ತಾ, "ಶನಿಗೆ ಉಂಗುರ ಮರೆತಿರಿ" ಎಂದಳಂತೆ.

ಪ್ರೇಕ್ಷಾಳಿಗೆ ಬಂದದ್ದು ನೀರು. ಮೂರು ಬಾಟಲಿ: ಒಂದು ಮನೆಯದು, ಒಂದು ಶಾಲೆಯದು, ಇನ್ನೊಂದು ಶಾಲೆಯ ಹತ್ತಿರದ ಯಾವುದಾದರೂ ಬಾವಿಯದು. ಒಂದು ದಿನ ಅಲುಗಾಡಿಸದೆ ಇಡಬೇಕು. ತಳದಲ್ಲಿ ಏನು ಕೂತಿದೆ ನೋಡಬೇಕು. ಬಿಳಿ ಬಟ್ಟೆಯಲ್ಲಿ ಸೋಸಬೇಕು. ಮೂಸಬೇಕು. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು.

ಈ ಕೊನೆಯ ಸಾಲು ಬರೆದವರು ಯಾರೋ, ಪಾಪ! ಅದನ್ನು ಒಂದು ಮಗು ನಿಜವೆಂದು ನಂಬೀತು ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಭಾನುವಾರ ಬಾವಿ ಹುಡುಕಿ ಹೊರಟೆವು. ಶಾಲೆಯ ಹಾಸ್ಟೆಲಿನ ಕೆಳಗೆ, ಇಳಿಜಾರಿನಲ್ಲಿ ಗಿರಿಜಕ್ಕನ ಮನೆ. ಅರವತ್ತು ದಾಟಿದ ಗಿರಿಜಕ್ಕ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಪರೀಕ್ಷೆಗೆ ಬಾವಿಯ ನೀರು ಬೇಕೆಂದಾಗ ಮೊರ ಬದಿಗಿಟ್ಟು ನಕ್ಕರು.

"ಮಾಡು ಮಗಾ, ಮಾಡು. ಮೇಲೆ ಹಾಸ್ಟೆಲ್ ಆದ ಮೇಲೆ ಈ ನೀರು ಬಾಯಿಗೆ ಇಡ್ಲಿಕ್ಕೆ ಆಗುವುದಿಲ್ಲ. ಎರಡು ವರ್ಷ ಆಯಿತು, ಕುಡಿಯುವ ನೀರು ಆಚೆ ಮನೆಯಿಂದ ಹೊರುವುದು."

"ಶಾಲೆಯಲ್ಲಿ ಹೇಳಲಿಲ್ವಾ?" ಎಂದೆ.

"ಮೂರು ಸರ್ತಿ ಹೋದೆ. ಗೇಟಿನಲ್ಲಿ ಹೆಸರು ಬರೆದುಕೊಂಡರು. ಹೆಸರು ಮಾತ್ರ ಒಳಗೆ ಹೋಯಿತು, ನಾನು ಹೊರಗೇ."

ಕೊಡಪಾನ ಎಳೆದರು. ಮಗಳು ಮೂಸಿದಳು, ನಾನೂ ಮೂಸಿದೆ. (ವಿವರ ಬೇಡ. ತಿಂಡಿ ತಿನ್ನುತ್ತಾ ಓದುವವರಿದ್ದೀರಿ.)

ಪ್ರದರ್ಶನದ ದಿನ ಸಭಾಂಗಣದ ತುಂಬ ಜ್ವಾಲಾಮುಖಿಗಳು. ಸೋಡಾಪುಡಿಗೆ ವಿನೆಗರ್ ಸುರಿದು ಎಲ್ಲವೂ ಬುಸುಗುಟ್ಟುತ್ತಿದ್ದವು. ಮೂಲೆಯ ಮೇಜಿನ ಮೇಲೆ ನಮ್ಮ ಮೂರು ಬಾಟಲಿ. ಮೂರನೆಯದರ ಚೀಟಿಯಲ್ಲಿ ಮಗಳ ಅಕ್ಷರ: 'ನಮ್ಮ ಹಾಸ್ಟೆಲಿನ ಕೆಳಗಿನ ಬಾವಿ. ಕಕ್ಕಸಿನ ವಾಸನೆ ಬರುತ್ತದೆ.'

ಅತಿಥಿ ಬರುವ ಮೊದಲು ಕೊನೆಯ ಸುತ್ತು ಹಾಕುತ್ತಾ ಬಂದ ಪ್ರಿನ್ಸಿಪಾಲರು ಅಲ್ಲೇ ನಿಂತರು. "ಇದೆಂತ ಟೀಚರ್?"

ವಿಜ್ಞಾನದ ಲವೀನಾ ಟೀಚರ್ ನೆಲ ನೋಡಿದರು.

"ಒಂದು ಕೆಲಸ ಮಾಡುವ. 'ದೊಡ್ಡ ನಗರದ ಕಲುಷಿತ ನೀರು' ಅಂತ ಬರೆಸಿ. ನಮ್ಮ ಊರಲ್ಲಿ ಅಂಥದ್ದೆಲ್ಲ ಎಲ್ಲಿ ಉಂಟು?" ಆಮೇಲೆ ನನ್ನತ್ತ ತಿರುಗಿದರು. "ಮೇಡಂ, ನೀವು ಪೇಪರಿಗೆ ಬರೆಯುವವರು. ನಿಮಗೆ ಅರ್ಥ ಆಗ್ತದೆ."

ಅರ್ಥ ಆಯಿತು. ಅದೇ ನಾಚಿಕೆಯ ಸಂಗತಿ. ಇನ್ನೂ ನಾಲ್ಕು ವರ್ಷ ಎಂಬ ಲೆಕ್ಕ ತಲೆಯೊಳಗೆ ಓಡಿತು. "ಬರೀ ಒಂದು ಚೀಟಿ ಅಲ್ವಾ ಪುಟ್ಟಿ, ಬದಲಾಯಿಸು" ಎಂದೆ.

"ಅಮ್ಮ, ನೀನೂ ಮೂಸಿದ್ದೆಯಲ್ಲ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅಮ್ಮನಿಗೆ ಮರೆತುಹೋಯಿತೇನೋ ಎಂಬ ಅನುಮಾನ ಮಾತ್ರ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವಳು ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡಳು. ಬೇರೆ ಚೀಟಿ ಮಾತ್ರ ಬರೆಯಲಿಲ್ಲ.

ಮುಖ್ಯ ಅತಿಥಿ ಬಂದರು. ಕಾರ್ಕಳದ ಒಬ್ಬ ನಿವೃತ್ತ ಇಂಜಿನಿಯರ್. ಜ್ವಾಲಾಮುಖಿಗಳಿಗೆ ಒಂದೊಂದಾಗಿ ಚಪ್ಪಾಳೆ ತಟ್ಟುತ್ತಾ ನಮ್ಮ ಮೇಜಿಗೆ ತಲುಪಿದರು. "ಇದರಲ್ಲಿ ಎಂತದೂ ಬರೆದಿಲ್ಲ?"

"ಬರೆಯಬಾರದಂತೆ ಸರ್" ಎಂದಳು ಪ್ರೇಕ್ಷಾ. "ಮೂಸಬಹುದು."

ಅವರು ಮುಚ್ಚಳ ತೆಗೆದರು. ಮುಖ ಹಿಂದಕ್ಕೆ ಎಳೆದುಕೊಂಡರು.

"ಸೆಪ್ಟಿಕ್ ಟ್ಯಾಂಕ್ ಸೋರ್ತಾ ಉಂಟಲ್ಲ ಮಾರಾಯ್ರೆ! ಎಲ್ಲಿಯ ನೀರು ಇದು?"

ಪ್ರಿನ್ಸಿಪಾಲರು ಸೀಲಿಂಗ್ ಫ್ಯಾನ್ ನೋಡಿದರು. ನಾನು ವ್ಯಾನಿಟಿ ಬ್ಯಾಗಿನ ಜಿಪ್ ಸರಿಮಾಡಿದೆ. (ಜಿಪ್ ಸರಿಯಾಗಿಯೇ ಇತ್ತು.) ಮಾತಾಡಿದವರು ಲವೀನಾ ಟೀಚರ್. ಈ ಸಲ ಅವರು ನೆಲ ನೋಡಲಿಲ್ಲ.

"ನಮ್ಮದೇ ಸರ್. ಹಾಸ್ಟೆಲಿನ ಕೆಳಗೆ ಒಬ್ಬರ ಬಾವಿ ಉಂಟು."

ಇಂಜಿನಿಯರು ಭಾಷಣ ಆಮೇಲೆ ಎಂದು ಹೇಳಿ ಇಳಿಜಾರು ಇಳಿದೇಬಿಟ್ಟರು. ಹಿಂದೆ ಪ್ರಿನ್ಸಿಪಾಲರು, ಅವರ ಹಿಂದೆ ಹೂಗುಚ್ಛ ಹಿಡಿದ ಸ್ವಾಗತ ಸಮಿತಿ. ಗಿರಿಜಕ್ಕನ ಅಂಗಳಕ್ಕೆ ಅಷ್ಟು ಬೂಟುಗಳು ಹಿಂದೆಂದೂ ಬಂದಿರಲಿಕ್ಕಿಲ್ಲ. ಅಲ್ಲಿ ಗೇಟಿನಲ್ಲಿ ಯಾರೂ ಬಂದವರ ಹೆಸರು ಬರೆದುಕೊಳ್ಳಲಿಲ್ಲ.

ಎರಡು ವಾರದೊಳಗೆ ಟ್ಯಾಂಕ್ ತೆರೆದರು. ಗೋಡೆ ಬಿರುಕು ಬಿಟ್ಟಿತ್ತು, ಸರಿ ಮಾಡಿಸಿದರು. ಬಾವಿಯ ನೀರು ಖಾಲಿ ಮಾಡಿ ಬ್ಲೀಚಿಂಗ್ ಪೌಡರ್ ಹಾಕಿದರು. ಒಂದು ಮಳೆಗಾಲ ಕಳೆಯಲಿ, ಆಮೇಲೆ ಕುಡಿಯಿರಿ ಎಂದರಂತೆ. ಗಿರಿಜಕ್ಕ ಈಗಲೂ ಆಚೆ ಮನೆಯಿಂದಲೇ ಹೊರುತ್ತಿದ್ದಾರೆ.

ಶಾಲೆಯ ಪತ್ರಿಕೆಯಲ್ಲಿ ಇಡೀ ಒಂದು ಪುಟ: 'ನೆರೆಮನೆಯ ಬಾವಿ ಶುಚಿಗೊಳಿಸಿದ ನಮ್ಮ ಪರಿಸರ ಕಾಳಜಿ'. ಫೋಟೋದಲ್ಲಿ ಬಾವಿಯ ಹಗ್ಗ ಹಿಡಿದು ನಿಂತವರು ಪ್ರಿನ್ಸಿಪಾಲರು. ಮೊದಲ ಬಹುಮಾನ ಒಂದು ಜ್ವಾಲಾಮುಖಿಗೆ. ಲವೀನಾ ಟೀಚರಿಗೆ ಪ್ರದರ್ಶನದ ಜವಾಬ್ದಾರಿಯಿಂದ 'ವಿಶ್ರಾಂತಿ' ಕೊಟ್ಟಿದ್ದಾರೆ.

ಮಗಳಲ್ಲಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಅಮ್ಮ, ನಿನಗೆ ಹೆದರಿಕೆ ಆಯ್ತಲ್ವಾ?" ಎಂದಳು. ಹನ್ನೊಂದು ವರ್ಷದವಳು ಕಂಡದ್ದನ್ನು ಕಂಡ ಹಾಗೆ ಹೇಳಿದಳು.

ಮುಂದಿನ ಟರ್ಮಿನ ವಿಷಯ ಗಾಳಿಯಂತೆ. ಯಾವ ಕಿಟಕಿ ಮುಚ್ಚಬೇಕೆಂದು ಶಾಲೆಯವರು ಈಗಲೇ ಯೋಚಿಸುತ್ತಿರಬಹುದೇ?