ಬೋಟು ಬಂದಾದಾಗ ಅರಮನೆ ತೋಟ

ನಾನು ನೋಡಿದ ಅರಮನೆ ತೋಟ ಎಲ್ಲಾ ಮಳೆಯಲ್ಲೇ ನೋಡಿದ್ದು. ಬಿಸಿಲಲ್ಲಿ ಒಂದೂ ನೋಡಿಲ್ಲ. ನಮ್ಮದು ಬೇಲೆಕೇರಿಯ ಮೀನುಗಾರರ ಮನೆ. ಅಪ್ಪ ತಾಂಡೇಲ, ಅಂದ್ರೆ ಬೋಟು ನಡೆಸುವವರು. ಜೂನ್ ಜುಲೈನಲ್ಲಿ ಸರ್ಕಾರ ಬೋಟು ಬಂದ್ ಮಾಡ್ತದಲ್ಲ, ಅವರಿಗೆ ರಜೆ ಅಂದ್ರೆ ಅದೇ. ನನ್ನ ಒಬ್ಬಳನ್ನೇ ದೂರ ಕಳಿಸುಕೆ ಅಮ್ಮ ಒಪ್ಪೂದಿಲ್ಲ. ಹಾಗಾಗಿ ಊರೆಲ್ಲಾ ಕೊಡೆ ಹಿಡ್ಕಂಡು ಮನೆ ಸೇರೂ ಹೊತ್ತಿಗೆ ನಾನೂ ಅಪ್ಪನೂ ಕೊಡೆ ಹಿಡ್ಕಂಡು ಹೊರಡೂದು.

ಹುಚ್ಚು ಶುರುವಾದದ್ದು ಒಂದು ಕ್ಯಾಲೆಂಡರಿಂದ. ಐಸ್ ಫ್ಯಾಕ್ಟರಿಯವರು ಕೊಟ್ಟದ್ದು. ಅದರಲ್ಲಿ ಒಂದು ಅರಮನೆ, ಮುಂದೆ ಹೂವಿನ ಸಾಲು, ಮಧ್ಯ ಕಾರಂಜಿ. ನನ್ನ ಕಣ್ಣು ಆ ಸಾಲಿನ ಮೇಲೆ. ಇಷ್ಟು ನೆಟ್ಟಗೆ ಗೆರೆ ಹಾಕಿದ್ದು ಯಾರು, ಮರದ ನೆರಳು ಎಲ್ಲಿ ಬೀಳ್ತದೆ ಅಂತ ಹೇಗೆ ಲೆಕ್ಕ ಹಾಕಿದ್ರು ಅಂತ. ಅಪ್ಪನ ಕಣ್ಣು ಕಾರಂಜಿ ಮೇಲೆ. ವರ್ಷ ಮುಗಿದ್ರೂ ಅದನ್ನ ಗೋಡೆಯಿಂದ ತೆಗೆಯುಕೆ ಬಿಡ್ಲಿಲ್ಲ.

"ನೀರು ಎದ್ದು ನಿಂತದೆ ನೋಡೆ," ಅಂದ್ರು ಒಂದಿನ ಊಟ ಮಾಡ್ತಾ. "ಹುಟ್ಟಿದಾಗಿಂದ ನೀರ ಮೇಲೇ ಇದ್ದೆ. ನಾ ಕಂಡ ನೀರೆಲ್ಲಾ ಅಡ್ಡಕ್ಕೇ ಹೋಗೂದು."

"ತೆರೆ ಏಳ್ತದಲ್ಲ ಅಪ್ಪಾ?"

"ತೆರೆ ಎದ್ರೆ ಹೆದ್ರಿಕೆ ಮಾರಾಯ್ತಿ. ಇದು ಸುಮ್ನೆ ಚಂದಕ್ಕೆ ಎದ್ದದ್ದು. ಒಂದ್ಸಲ ಕಣ್ಣಾರೆ ನೋಡ್ಬೇಕು."

ನಾನು ಅಂಕೋಲೆಯ ಒಂದು ಜೆರಾಕ್ಸ್ ಅಂಗಡೀಲಿ ಕೆಲಸಕ್ಕೆ ಇದ್ದೇನೆ. ಗಿರಾಕಿ ಇಲ್ಲದಾಗ ಫೋನಲ್ಲಿ ತೋಟ ನೋಡೂದೇ ಕೆಲಸ. ಯಾರೂ ಕಲಿಸಿದ್ದಲ್ಲ. ಕಾರವಾರಕ್ಕೆ ಹೋದ್ರೆ ಲೈಬ್ರರಿ ಹೊಕ್ಕೂದು, ಸಿಕ್ಕಿದ್ದು ಓದೂದು. ಸದಾಶಿವಗಡ ಹತ್ತಿ, ಇಲ್ಲಿ ಕೋಟೆಯವರು ಏನಾದ್ರೂ ನೆಟ್ಟಿದ್ರಾ ಅಂತ ಪೊದೆಪೊದೆ ಹುಡುಕಿದ್ದೂ ಉಂಟು. ಕೈಕಾಲು ಗೀರಿದ್ದು ಬಿಟ್ರೆ ಏನೂ ಸಿಗ್ಲಿಲ್ಲ. ಆದ್ರೂ ಖುಷಿ.

ಮೊದಲನೇ ವರ್ಷ ದೊಡ್ಡ ಅರಮನೆಗೇ ಹೋದ್ವಿ. ಬಸ್ಸಲ್ಲಿ ರಾತ್ರಿಯೆಲ್ಲಾ ಕೂತು. ಹುಲ್ಲಿನ ಮೇಲೆ ಗದ್ದೆಯ ಹಾಗೆ ನೀರು ನಿಂತಿತ್ತು, ಹೂವೆಲ್ಲಾ ತಲೆ ಬಗ್ಗಿಸಿದ್ವು. ಕಾರಂಜಿ ಬಂದ್. ಟಿಕೆಟ್ ಕೊಡುವ ಅಕ್ಕ ನಮ್ಮ ಮುಖ ನೋಡಿ, "ಇಷ್ಟು ಮಳೇಲಿ ಯಾರ್ರೀ ಕಾರಂಜಿ ನೋಡೋಕೆ ಬರ್ತಾರೆ?" ಅಂದ್ಲು. ಎರಡನೇ ವರ್ಷ ಇನ್ನೊಂದು ಕಡೆ. ಅಲ್ಲಿ ಕಾರಂಜಿಯ ಮೋಟಾರಿಗೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿಟ್ಟಿದ್ರು. ಅಪ್ಪ ಸುಮ್ಮನಿರ್ತಾರಾ? "ಹಾಳಾಗಿದ್ರೆ ಹೇಳಿ, ನಾ ಸರಿ ಮಾಡ್ತೆ" ಅಂತ ಬಗ್ಗಿ ಹಗ್ಗ ಬಿಚ್ಚುಕೆ ಹೋದ್ರು. ಕಾವಲಿನವ ಸೀಟಿ ಊದಿ ಓಡಿ ಬಂದ. ನಾನು ಮರ ನೋಡ್ತಿದ್ದ ಹಾಗೆ ಮಾಡಿ ಬೇರೆ ಕಡೆ ನಡೆದೆ.

ಮನೇಲಿ ಅಮ್ಮ ಬಿಡ್ತಾರಾ? "ನೀರು ನೋಡುಕೆ ಅಷ್ಟು ದೂರ ಹೋಗಿ ನೆನ್ಕಂಡು ಬರೂದ್ಯಾಕೆ? ಇಲ್ಲೇ ನಮ್ಮ ಸೂರಿನಡಿ ನಿತ್ಕಳಿ ಇಬ್ಬರೂ."

ಮೂರನೇ ವರ್ಷ ಬೋಟು ಮೇಲೆ ಎಳೆದ ದಿನವೇ ಅಪ್ಪ ಹೇಳಿಬಿಟ್ರು. "ಈ ಸಲನೂ ಕಾರಂಜಿ ಇಲ್ಲಾ ಅಂದ್ರೆ ಮುಗೀತು. ಮುಂದಿನ ವರ್ಷದಿಂದ ನಾ ಮನೇಲೇ ಕೂತು ಬಲೆ ಕಟ್ಟೂದು."

ನಗ್ತಾನೇ ಹೇಳಿದ್ರು. ಆದ್ರೆ ಅಪ್ಪ ಬರ್ಲಿಲ್ಲಾ ಅಂದ್ರೆ ನಾನೂ ಎಲ್ಲಿಗೂ ಹೋಗೂ ಹಾಗಿಲ್ಲ. ತೋಟ ನೋಡೂದೇ ಮುಗೀತು.

ಆಮೇಲೆ ಕೂತು ಯೋಚನೆ ಮಾಡಿದೆ. ತಪ್ಪು ನನ್ನದೇ. ನಾನು ಫೋಟೋದಲ್ಲಿ ಎತ್ತರದ ಕಾರಂಜಿ ಇದ್ದ ಜಾಗ ಹುಡುಕ್ತಿದ್ದೆ. ಅವೆಲ್ಲಾ ಈಗಿನ ಮೋಟಾರಿನವು, ಮಳೆ ಬಂದ್ರೆ ಬಂದ್. ಹಿಂದಿನ ರಾಜರಿಗೆ ಮೋಟಾರ್ ಎಲ್ಲಿತ್ತು? ಗುಡ್ಡದ ಮೇಲೆ ಹೊಂಡ ಕಟ್ಟಿ, ಅಲ್ಲಿಂದ ಕೊಳವೆ ಹೂತು ನೀರು ಇಳಿಸ್ತಿದ್ರು. ಮೇಲಿನ ನೀರಿನ ಭಾರಕ್ಕೆ ಕೆಳಗೆ ಚಿಮ್ಮೂದು. ಹಾಗಾದ್ರೆ ಹೊಂಡ ತುಂಬೂದು ಯಾವಾಗ? ಮಳೆಗಾಲದಲ್ಲೇ! ನಮ್ಮ ರಜೆಯಲ್ಲೇ!

ಅಪ್ಪಂಗೆ ಹೇಳಿದೆ. ಅವರು ಎದ್ದು ಹೋಗಿ ನೀಲಿ ಡ್ರಮ್ಮನ್ನ ಸ್ಲ್ಯಾಬಿನ ಮೇಲೆ ಹತ್ತಿಸಿ ನೀರು ತುಂಬಿಸಿದ್ರು, ಪೈಪು ಸಿಕ್ಕಿಸಿ ಅಂಗಳಕ್ಕೆ ಬಿಟ್ರು. ತುದಿಗೆ ಹಳೇ ಪೆನ್ನಿನ ಕೊಳವೆ. ಬೆರಳು ತೆಗೆದ ಕೂಡ್ಲೇ ನೀರು ಅಮ್ಮನ ಒಣಮೀನಿನ ಬುಟ್ಟಿಗೆ ಹಾರ್ತು. ಅಮ್ಮ ಬೈದದ್ದು ಇಲ್ಲಿ ಬರೆಯೂದಿಲ್ಲ. ಅಪ್ಪ ಮಾತ್ರ, "ಹೌದಲ್ದಾ, ಮೇಲೇ ಬತ್ತದೆ," ಅಂದ್ರು.

ನಾನು ಹುಡುಕಿದ್ದು ಘಟ್ಟದ ಮೇಲಿನ ಒಂದು ಸಣ್ಣ ಅರಮನೆ. ಹೆಸರು ಹೇಳೂದಿಲ್ಲ, ಅಲ್ಲಿಯ ಕಾವಲಿನ ಅಜ್ಜಂಗೆ ನನ್ನಿಂದ ತೊಂದ್ರೆ ಬೇಡ. ಫೋನಿನ ಮ್ಯಾಪಲ್ಲಿ ಅರಮನೆ ಹಿಂದೆ ಒಂದು ಗುಡ್ಡ, ಗುಡ್ಡದಲ್ಲಿ ಒಂದು ಚೌಕ ನೀರು ಕಂಡಿತ್ತು. ಅಷ್ಟೇ ನನ್ನ ಧೈರ್ಯ.

ಅಂಕೋಲೆಯಿಂದ ಬೆಳಗಿನ ಬಸ್ಸು. ಘಟ್ಟ ಹತ್ತುವಾಗ ಕಿಟಕಿಯಲ್ಲಿ ಬಿಳಿ ಬಿಟ್ರೆ ಏನಿಲ್ಲ. ಹೋಗಿ ಇಳಿದ್ರೆ ಅರಮನೆಗೆ ಬೀಗ, ತೋಟಕ್ಕೆ ಬಾಗಿಲೇ ಇಲ್ಲ. ಆದ್ರೆ ತೋಟ ನೋಡಿ ನಾನು ಅಲ್ಲೇ ನಿಂತೆ. ಹೂವಿನ ಮಡಿ ಯಾವುದೂ ಇಲ್ಲ, ಕಲ್ಲಿನ ಕಾಲುವೆ ಮಾತ್ರ ಹುಲ್ಲಿನೊಳಗೆ ನೆಟ್ಟಗೆ ಹೋಗಿದೆ. ಎರಡೂ ಬದಿ ದೇವಗಣಗಿಲೆ ಮರ, ಬುಡ ಅಪ್ಪುಕೆ ಇಬ್ಬರು ಬೇಕು. ಬಿಳಿ ಹೂವು ಕಾಲುವೆ ತುಂಬ ಬಿದ್ದಿದ್ವು. ನಾಲ್ಕು ಕಾಲುವೆ ಕೂಡುವಲ್ಲಿ ಕಲ್ಲಿನ ತಾವರೆ, ಅದರ ನಡುವೆ ನೀರು ಚಿಮ್ಮೂ ತೂತು.

ತಾವರೆಯಲ್ಲಿ ನೀರಿಲ್ಲ. ಅಂದ್ರೆ ಮಳೆ ನೀರು ಇತ್ತು, ಚಿಮ್ಮೂ ನೀರಿಲ್ಲ.

ಅಪ್ಪ ಕೊಡೆ ಹಿಡ್ಕಂಡು ಒಂದು ಸುತ್ತು ಬಂದ್ರು. ಬೈದಿದ್ರೆ ಒಳ್ಳೇದಿತ್ತು.

ಅಷ್ಟೊತ್ತಿಗೆ ಗೋಣಿಚೀಲ ಹೊದ್ದ ಕಾವಲಿನ ಅಜ್ಜ ಬಂದ. "ಎಲ್ಲಿಂದ ಬಂದೀರಿ?"

"ಅಂಕೋಲೆ ಕಡೆಯಿಂದ. ಇದು ಹಾರೂದಿಲ್ಲನಾ?" ಅಪ್ಪ ತಾವರೆ ತೋರಿಸಿದ್ರು.

"ಹಾರ್ತದ್ರೀ. ಮಳಿಗಾಲದಾಗ ಅಷ್ಟ. ಮಂದಿ ಎಲ್ಲಾ ಡಿಸೆಂಬರಕ್ಕ ಬಂದು ಒಣಾ ಕಲ್ಲು ನೋಡಿ ಹೋಗ್ತಾರ. ಈ ವರ್ಷ ಮ್ಯಾಲ ಹೊಂಡದ ಬಾಯಾಗ ಎಲಿ ಸಿಕ್ಕಾವ. ನನ್ನ ಮೊಣಕಾಲು ಆ ಮೆಟ್ಟಿಲು ಒಲ್ಲೆ ಅಂತಾವ, ನಾ ಏನ್ ಮಾಡ್ಲಿ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಆಗ್ಲೇ ಲುಂಗಿ ಎತ್ತಿ ಕಟ್ತಿದ್ರು.

"ಎಲೆ ತೆಗೆದ್ರೆ ತಪ್ಪಿಲ್ಲಲ್ಲ ಅಜ್ಜಾ? ಸೀಟಿ ಊದೂದಿಲ್ಲಲ್ಲ?"

"ಪುಣ್ಯಾ ಬರ್ತದ, ಹೋಗ್ರಿ."

ಮೆಟ್ಟಿಲೆಲ್ಲಾ ಪಾಚಿ. ರಕ್ತ ಹೀರೂ ಉಂಬಳ ಕಾಲಿಗೆ ಹತ್ತಿದ್ದು ಎಣಿಸ್ಲೇ ಇಲ್ಲ. ಹೊಂಡ ದಂಡೆ ತನಕ ತುಂಬಿತ್ತು. ಅಪ್ಪ ಅಂಚಲ್ಲಿ ಬೋರಲಾಗಿ ಮಲಗಿ ತೋಳು ಭುಜದ ತನಕ ನೀರಿಗೆ ಇಳಿಸಿದ್ರು. ಬೋಟಿನ ಇಂಜಿನ್ನಿಗೆ ನೀರು ಎಳೆಯುವ ಪೈಪಿನ ಬಾಯಿ ಪ್ಲಾಸ್ಟಿಕ್ ಸಿಕ್ಕಿ ಕಟ್ಟಿದ್ರೆ ಹೀಗೇ ತೆಗೆಯೂದು ಅವರು. ಮೇಲೆ ನೋಡ್ತಾ ಕೈಯಲ್ಲೇ ಹುಡುಕ್ತಾರೆ. ಮುಷ್ಟಿ ಮುಷ್ಟಿ ಕಪ್ಪು ಎಲೆ ಬಂತು. ಆಮೇಲೆ ನೀರು ಗುಳುಕ್ ಅಂತು.

"ಓಡೆ! ನೋಡು ಹೋಗು!"

ನಾನು ಜಾರ್ತಾ ಓಡಿ ಬಂದೆ. ತಾವರೆ ಹಾಗೇ ಇತ್ತು. ಅಜ್ಜ, "ತಡೀ, ಮುದುಕನಂಗ ಎದ್ದು ಬರ್ಬೇಕಲ್ಲ," ಅಂದ. ಸುಮಾರು ಹೊತ್ತು ಆಯ್ತು. ಅಪ್ಪನೂ ಇಳಿದು ಬಂದ್ರು. ಆಮೇಲೆ ಕಲ್ಲೊಳಗಿಂದ ಕೆಮ್ಮಿದ ಹಾಗೆ ಸದ್ದು, ಕೆಸರು ನೀರು, ಒಂದು ಎಲೆ, ಮತ್ತೆ ಕೆಸರು. ಕಡೆಗೆ ತಿಳಿ ನೀರು ಎದ್ದು ನಿಂತಿತು. ಎಷ್ಟು ಎತ್ತರ ಅಂದ್ರೆ ನನ್ನ ಮೊಣಕೈ ತನಕ, ಅಷ್ಟೇ. ಕ್ಯಾಲೆಂಡರಿನದ್ದು ಎಲ್ಲಿ, ಇದು ಎಲ್ಲಿ. ಮೇಲಿಂದ ಮಳೆ ಬೇರೆ ಅದನ್ನ ತಲೆ ಮೇಲೆ ಹೊಡೀತಿತ್ತು.

ಅಪ್ಪ ಕೊಡೆ ಮಡಚಿ ಕಂಕುಳಲ್ಲಿ ಇಟ್ಕಂಡ್ರು. ಅಂಗೈ ತಂದು ನೀರಿನ ತುದಿಗೆ ಮುಟ್ಟಿಸಿದ್ರು. ತೆಗೆದ್ರು. ಮತ್ತೆ ಮುಟ್ಟಿಸಿದ್ರು. ಅಮ್ಮಂಗೆ ವಿಡಿಯೋ ಕಾಲ್ ಮಾಡಿದೆ.

"ಇದೇನಾ? ನಮ್ಮ ನಲ್ಲೀಲಿ ಇದಕ್ಕಿಂತ ಜೋರು ಬತ್ತದೆ!" ಅಮ್ಮನ ದನಿ.

"ನಲ್ಲಿ ನೀರು ಕೆಳಗೆ ಬೀಳೂದು ಕಣೆ. ಇದು ಮೇಲೆ ಹೋಗೂದು. ಸರಿ ನೋಡು," ಅಂದ್ರು ಅಪ್ಪ. ಫೋನನ್ನ ಎಷ್ಟು ಹತ್ತಿರ ಹಿಡಿದ್ರು ಅಂದ್ರೆ ಅಮ್ಮಂಗೆ ಬರೀ ನೀರೇ ಕಂಡಿರ್ಬೇಕು.

ವಾಪಸ್ ಬಸ್ಸಲ್ಲಿ ಇಬ್ಬರೂ ತೊಪ್ಪೆ. ಅಮ್ಮ ಕಟ್ಟಿಕೊಟ್ಟ ಅವಲಕ್ಕಿಯೂ ಒದ್ದೆ. ಅದನ್ನೇ ತಿಂದ್ವಿ. ಅಪ್ಪ ನಿದ್ದೆ ಮಾಡಿದ್ರು ಅಂದ್ಕಂಡಿದ್ದೆ. ಘಟ್ಟ ಇಳಿದು ಬಿಸಿ ಗಾಳಿ ಬಂದಾಗ ಕಣ್ಣು ಮುಚ್ಚಿದ್ದಲ್ಲೇ ಕೇಳಿದ್ರು:

"ಅಲ್ಲ, ಹೋದ ವರ್ಷ ಅವ ಸೀಟಿ ಊದಿದ್ನಲ್ಲ, ಆ ಅರಮನೆ ಹಿಂದೆ ಗುಡ್ಡ ಇತ್ತಾ?"