ಚಿಕ್ಕಮ್ಮನ ಮೇಲೆ ಹೊರಿಸಿದ ತಪ್ಪು

ಅರವತ್ತರ ದಶಕದ ಒಂದು ಪುಷ್ಯಮಾಸ. ಹೊಸನಗರದ ಹತ್ತಿರದ ತವರುಮನೆಯಲ್ಲಿ ನಾನು ಚೊಚ್ಚಲ ಬಾಣಂತಿ. ಬೆಳಿಗ್ಗೆ ಹತ್ತು ಗಂಟೆಯಾದರೂ ಅಂಗಳದಾಚೆಯ ಕೊಟ್ಟಿಗೆ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಬಾಣಂತಿಗೆ ಥಂಡಿ ತಗುಲಿದರೆ ಮುಗಿಯಿತು ಎಂಬುದು ಅಜ್ಜಿಯ, ಅಂದರೆ ಅಪ್ಪನ ಅಮ್ಮನ, ವೇದವಾಕ್ಯ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಹಗ್ಗದ ಮಂಚದ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಕೆ. ಇದ್ದ ಒಂದೇ ಕಿಟಕಿಯ ಸಂದಿಗಳಿಗೆಲ್ಲ ಗೋಣಿಚೀಲದ ತುಂಡು ತುರುಕಿದ್ದರು. ಹೊಗೆಯಾಡುವ ಕೊಳ್ಳಿಯನ್ನು ಅಜ್ಜಿ ಒಳಗೆ ತರುತ್ತಿರಲಿಲ್ಲ. ನಿಗಿನಿಗಿ ಕೆಂಡವನ್ನಷ್ಟೇ ಆರಿಸಿ ತರುತ್ತಿದ್ದಳು. ಹೊಗೆಯಿಲ್ಲದ ಬೆಂಕಿ ಹಾಕುವುದರಲ್ಲಿ ಅವಳು ಊರಿಗೇ ಹೆಸರುವಾಸಿ.

ಎಂಟು ವರ್ಷದ ಹಿಂದೆ ಅಂಥದ್ದೇ ಚಳಿಯಲ್ಲಿ ನನ್ನ ಚಿಕ್ಕಪ್ಪನ ಹೆಂಡತಿ ಅದೇ ಕೋಣೆಯಲ್ಲಿ ಬಾಣಂತಿಯಾಗಿದ್ದಳು. ತವರಿನಲ್ಲಿ ಯಾರೂ ಇಲ್ಲದ್ದರಿಂದ ನಮ್ಮಲ್ಲೇ ಹೆತ್ತಿದ್ದಳು. ಕೂಸಿನ ಸಮೇತ, ಮಲಗಿದ ಹಾಗೇ ಹೋಗಿಬಿಟ್ಟಳು. ಬಾಣಂತಿಯಾಗಿ ಸತ್ತವಳು ಸುಮ್ಮನಿರುತ್ತಾಳೆಯೇ? ಹಾಲು ಒಡೆದರೆ ಅವಳು, ಕರು ಸತ್ತರೆ ಅವಳು. ಚಿಕ್ಕಪ್ಪ ಮತ್ತೆ ಮದುವೆಯಾಗಲಿಲ್ಲ. ಆ ಕೋಣೆಯ ಹೊಸ್ತಿಲಿಗೆ ಕಬ್ಬಿಣದ ಮೊಳೆ ಹೊಡೆದಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. ಆದರೆ ಮನೆಯಲ್ಲಿ ಬೆಚ್ಚಗಿದ್ದ ಕೋಣೆ ಅದೊಂದೇ. ಶಾಂತಿ ಮಾಡಿಸಿ ನನ್ನನ್ನೂ ಅಲ್ಲೇ ಮಲಗಿಸಿದರು.

ಎರಡನೇ ವಾರ ತಲೆನೋವು ಶುರುವಾಯಿತು. ತಲೆ ಸಿಡಿಯುತ್ತಿತ್ತು, ವಾಂತಿ, ಕೈಕಾಲಿನಲ್ಲಿ ಶಕ್ತಿಯಿಲ್ಲ. ಕೂಸು ಮೊಲೆ ಹಿಡಿಯದೆ ಜೋತುಬಿದ್ದು ಮಲಗಿರುತ್ತಿತ್ತು. ಒಂದು ಮಧ್ಯಾಹ್ನ ಕಣ್ಣುಬಿಟ್ಟರೆ ಮಂಚದ ಕಾಲ್ದೆಸೆಯಲ್ಲಿ ಚಿಕ್ಕಮ್ಮ ಕೂತಿದ್ದಳು. ನನ್ನ ಹಾಗೆಯೇ ತಲೆಗೆ ಬಟ್ಟೆ ಕಟ್ಟಿಕೊಂಡು ಕೂಸನ್ನೇ ನೋಡುತ್ತಿದ್ದಳು. ಇವತ್ತಿಗೂ ಆ ಮುಖ ನನ್ನ ಕಣ್ಣಿಂದ ಹೋಗಿಲ್ಲ. "ಚಿಕ್ಕಮ್ಮ ಬಂದಿದಾಳೆ! ನನ್ ಕೂಸನ್ನ ತಗೊಂಡ್ ಹೋಗ್ತಾಳೆ!" ಎಂದು ಕಿರುಚಿಕೊಂಡೆ. ಹಾಗೆಂದು ಮೊದಲು ಹೇಳಿದ್ದು ನಾನೇ, ಬೇರೆ ಯಾರೂ ಅಲ್ಲ.

ಅಷ್ಟು ಸಾಕಾಯಿತು. ಕೋಣೆಯ ಬಾಗಿಲೂ ಮುಚ್ಚಿತು. ಬೆಂಕಿ ಕಂಡರೆ ಪೀಡೆ ಹತ್ತಿರ ಬರುವುದಿಲ್ಲವೆಂದು ಅಜ್ಜಿ ಇನ್ನೊಂದು ಅಗ್ಗಿಷ್ಟಿಕೆ ತಂದಿಟ್ಟಳು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದೆಂದರೆ ಇದೇ ಇರಬೇಕು.

ಹದಿನೆಂಟನೇ ದಿನ ಕೂಸು ಎಷ್ಟು ಅಲುಗಿಸಿದರೂ ಕಣ್ಣುಬಿಡಲಿಲ್ಲ. ಚಿಕ್ಕಪ್ಪ ನನ್ನನ್ನೂ ಅಮ್ಮನನ್ನೂ ಬೆಳಗಿನ ಬಸ್ಸಿಗೆ ಹತ್ತಿಸಿ ತಾನೂ ಹತ್ತಿದ. ತೀರ್ಥಹಳ್ಳಿ ಕಡೆಯ ಒಬ್ಬ ಮಂತ್ರವಾದಿಯ ಹತ್ತಿರ ಹೊರಟಿದ್ದೆವು. ಬಸ್ಸಿನ ಕಿಟಕಿಯ ಟಾರ್ಪಾಲು ಹರಿದಿತ್ತು. ಡ್ರೈವರು ಮಂಜಿನಲ್ಲಿ ದಾರಿ ಕಾಣದೆ ತಿರುವು ತಿರುವಿಗೂ ಹಾರ್ನ್ ಹೊಡೆಯುತ್ತಿದ್ದ. ಅಮ್ಮ ಸೆರಗು ಅಡ್ಡ ಹಿಡಿದು, "ಈ ಥಂಡೀಲಿ ಸತ್ತೇ ಹೋಗ್ತೀಯಲ್ಲೇ ಮಾರಾಯ್ತಿ" ಎಂದು ಅಳುತ್ತಿದ್ದಳು. ನನಗೋ ತಲೆಯ ಭಾರ ಇಳಿಯುತ್ತಿತ್ತು. ಅರ್ಧ ದಾರಿಯಲ್ಲಿ ಕೂಸು ಕಣ್ಣುಬಿಟ್ಟು, ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಅತ್ತು, ಮೊಲೆಗೆ ಬಾಯಿ ಹಾಕಿತು. "ಊರಿನ ಗಡಿ ದಾಟಿದ್ವಿ ನೋಡು, ಬಿಟ್ಟು ಹೋದ್ಲು" ಎಂದ ಚಿಕ್ಕಪ್ಪ. ಅವನ ಕಣ್ಣಲ್ಲಿ ನೀರಿತ್ತು.

ತಾಯತ ಕಟ್ಟಿಸಿಕೊಂಡು ಅದೇ ಕೋಣೆಗೆ ಹಿಂತಿರುಗಿದೆವು. ಎರಡೇ ದಿನ. ಮತ್ತೆ ತಲೆನೋವು, ಮತ್ತೆ ಚಿಕ್ಕಮ್ಮ.

ನಮ್ಮನ್ನು ಉಳಿಸಿದ್ದು ಕೂಸನ್ನು ನೋಡಲು ಬಂದ ನರ್ಸು. ಮಂಜಿನಲ್ಲಿ ಎರಡು ಮೈಲಿ ನಡೆದು ಬಂದಿದ್ದಳು. ಕೋಣೆಯ ಬಾಗಿಲು ತೆರೆದವಳೇ ಕೂಸನ್ನೆತ್ತಿ ಅಂಗಳಕ್ಕೆ ಒಯ್ದಳು. ನನ್ನನ್ನು ಅಮ್ಮ ಎಳೆದುಕೊಂಡು ಬಂದಳು. ನರ್ಸು ಗೋಣಿ ಕಿತ್ತೆಸೆದು, ಅಗ್ಗಿಷ್ಟಿಕೆಗಳನ್ನು ಹೊರಗೆ ಹಾಕಿಸಿ, ಅಜ್ಜಿಯ ಕಡೆ ತಿರುಗಿದಳು.

"ಹೊಗೆ ಇಲ್ಲ ಅಂದ್ರೆ ವಿಷ ಇಲ್ಲ ಅಂದ್ಕೊಂಡ್ರಾ ಅಜ್ಜಿ? ಮುಚ್ಚಿದ್ ಕೋಣೇಲಿ ಕೆಂಡ ಇಟ್ರೆ ಉಸಿರಾಡೋ ಗಾಳೀನೇ ವಿಷ ಆಗ್ತದೆ. ಕಣ್ಣಿಗೂ ಕಾಣಲ್ಲ, ಮೂಗಿಗೂ ಗೊತ್ತಾಗಲ್ಲ. ಚಳಿ ಅಂದ್ರೆ ಇನ್ನೊಂದ್ ಕಂಬಳಿ ಹೊದಿಸಿ. ಇವತ್ತು ನಾನು ಬರ್ದೇ ಇದ್ದಿದ್ರೆ ಇಬ್ರೂ ಉಳೀತಿರ್ಲಿಲ್ಲ."

ನರ್ಸು ಹೋದ ಮೇಲೆ ಅಜ್ಜಿ ಬಂದು ನನ್ನ ಮತ್ತು ಅಮ್ಮನ ಪಕ್ಕ ಜಗಲಿಯಲ್ಲಿ ಕೂತಳು. "ಆವತ್ತು ಅವ್ಳ ಮಂಚದ ಕೆಳಗೆ ಕೆಂಡ ಹಾಕಿದ್ದೂ ನಾನೇ. ತಲೆ ನೋಯ್ತದೆ ಅತ್ತೆ, ಅಂತಿದ್ಲು" ಎಂದಳು. ನರ್ಸು ಬಂದ ದಿನ ಚಿಕ್ಕಪ್ಪ ಮನೆಯಲ್ಲಿರಲಿಲ್ಲ, ಸಾಗರಕ್ಕೆ ಹೋಗಿದ್ದ. ಅಜ್ಜಿ ನನ್ನ ಕೈ ಹಿಡಿದುಕೊಂಡಳು. "ಅವಂಗೆ ಹೇಳ್ಬೇಡ್ರೇ."

ನಾನೂ ಹೇಳಲಿಲ್ಲ, ಅಮ್ಮನೂ ಹೇಳಲಿಲ್ಲ. ನಾವು ಚೇತರಿಸಿಕೊಂಡಿದ್ದು ತಾಯತದಿಂದ ಎಂದು ಚಿಕ್ಕಪ್ಪ ನಂಬಿದ. ಅಜ್ಜಿ ತೀರಿಕೊಂಡ ಮೇಲಾದರೂ ಹೇಳಬಹುದಿತ್ತು. ನಿನ್ನ ಹೆಂಡತಿಯನ್ನೂ ಮಗುವನ್ನೂ ಕೊಂದದ್ದು ನಿನ್ನ ತಾಯಿಯ ಅಕ್ಕರೆ ಎಂದು ಹೇಗೆ ಹೇಳಲಿ? ಹೇಡಿ ನಾನು. ಅವನು ಅಷ್ಟೂ ವರ್ಷ ಸಂಜೆಯಾದರೆ ಆ ಬಾಗಿಲಿನ ಕಡೆ ನೋಡಲು ಹೆದರುತ್ತ ಬದುಕಿದ.

ಅವನು ಮುದುಕನಾಗಿ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ನನ್ನನ್ನು ಹತ್ತಿರ ಕರೆದ.

"ಬಾಳ ಒಳ್ಳೇವ್ಳು ಕಣೇ ಅವ್ಳು. ಒಂದ್ ಇರುವೆ ತುಳಿದವ್ಳಲ್ಲ. ಸತ್ ಮೇಲೆ ಯಾಕ್ ಹಂಗಾದ್ಲೋ, ನಿಂಗೇನಾದ್ರೂ ಗೊತ್ತಾ?"

ಅವನ ಪಾದ ತಣ್ಣಗಿತ್ತು. ಹೊದಿಕೆ ಎಳೆದು ಮುಚ್ಚಿದೆ. ಗೊತ್ತಿಲ್ಲ ಚಿಕ್ಕಪ್ಪ, ಎಂದೆ.