ಹೇರೋಹಳ್ಳಿ ಆಂಟಿಯ ದವಡೆಗೆ ನನ್ನ ಮೊದಲ ಸೂಜಿ

ಹಲ್ಲು ಕೀಳುವ ಮೊದಲು ದವಡೆ ಮರಗಟ್ಟಿಸಬೇಕಲ್ಲ, ಆ ಇಂಜೆಕ್ಷನ್ ನಾನು ಮೊದಲ ಸಲ ಕೊಟ್ಟಿದ್ದು ಹೇರೋಹಳ್ಳಿಯ ಆಂಟಿಯೊಬ್ಬರಿಗೆ. ಡೆಂಟಲ್ ಕಾಲೇಜಿನ ನಮ್ಮ ಮೇಡಂ ಬೆಳಿಗ್ಗೆಯಿಂದ ಒಂದೇ ಮಾತು ಹೇಳಿದ್ದರು: "ಔಷಧ ಬಿಡೋ ಮೊದ್ಲು ಸಿರಿಂಜಿನ ಪಿಸ್ಟನ್ ಸ್ವಲ್ಪ ಹಿಂದಕ್ಕೆಳೀರಿ. ರಕ್ತ ಬಂತೋ, ಸೂಜಿ ರಕ್ತನಾಳದಲ್ಲಿದೆ ಅಂತ. ಅಲ್ಲಿ ಔಷಧ ಬಿಟ್ರೆ ನೇರ ಹೃದಯಕ್ಕೆ ಹೊಡೆಯತ್ತೆ."

ಎಳೆದೆ. ರಕ್ತ ಬರಲಿಲ್ಲ. ನಿಧಾನವಾಗಿ ಔಷಧ ಬಿಟ್ಟೆ. ಸ್ವಲ್ಪ ಹೊತ್ತಿಗೆ ಆಂಟಿ ಕಣ್ಣು ಮುಚ್ಚಿಕೊಂಡರು. ಹಣೆಯ ಬೆವರಿಗೆ ಕುಂಕುಮ ಕರಗಿ ಮೂಗಿನ ಮೇಲೆ ಇಳಿಯಿತು. ಆ ಕೆಂಪು ಕಂಡಿದ್ದೇ ನನಗೆ ಮೇಡಂ ಹೇಳಿದ ರಕ್ತವೇ ನೆನಪಾಯಿತು.

"ಆಂಟಿ, ಹೇಗಿದೀರಾ?"

ತೋಳು ಹಿಡಿದು ಅಲುಗಿಸಿದೆ. "ಆಂಟಿ! ಏನಾಗ್ತಿದೆ ಹೇಳಿ!"

ಕಣ್ಣು ಬಿಡದೆ ತೊದಲಿದರು: "ಜೀವಾನೇ ಇಲ್ಲ ಕಣಮ್ಮ."

"ಮೇಡಂ! ಜೀವಾನೇ ಇಲ್ವಂತೆ!" ಅಂತ ಕಿರುಚಿಬಿಟ್ಟೆ. ಅವರು ಓಡಿ ಬಂದು ಆಂಟಿಯ ನಾಡಿ ಹಿಡಿದರು. "ಎಲ್ಲಿ ಜೀವ ಇಲ್ಲಮ್ಮ?"

"ತುಟೀಲಿ," ಅಂದರು ಆಂಟಿ. "ಅರ್ಧ ನಾಲಿಗೇಲೂ ಇಲ್ಲ."

ಮೇಡಂ ನನ್ನತ್ತ ತಿರುಗಿ, "ಔಷಧ ಸರಿಯಾಗೇ ಹಿಡಿದಿದೆ. ಹಲ್ಲು ಕೀಳು," ಅಂದರು.

ಕೀಳೋಣ ಅಂದರೆ ನನ್ನ ಕೈಯಲ್ಲೂ ಜೀವ ಇರಲಿಲ್ಲ. ನನಗೆ ಮಾತ್ರ ಯಾರೂ ಇಂಜೆಕ್ಷನ್ ಕೊಟ್ಟಿರಲಿಲ್ಲ.